ಕರೆದಾಗ ಬರುವ ರಾಕ್ಷಸ

ಭಾದ್ರಪದದ ಚೌತಿಗೆ ಗಣಪ ಬರುತ್ತಾನೆ. ಅವನ ಬೆನ್ನಿಗೇ, ಅಷ್ಟಮಿಯ ಹೊತ್ತಿಗೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಕುಮಾರ ಹುಟ್ಟುತ್ತಾನೆ. ಗದಗ ಶಹರದ ಮಗ್ಗುಲಲ್ಲಿರುವ ಅಸುಂಡಿಯಂಥ ಊರುಗಳಲ್ಲಿ ಹಿರಿಯರನ್ನು ಕೇಳಿದರೆ ಈ ಇಬ್ಬರ ವ್ಯತ್ಯಾಸವನ್ನು ಒಂದೇ ಕಥೆಯಲ್ಲಿ ಹೇಳಿಬಿಡುತ್ತಾರೆ. ಗಣಪ ಮನೆಮನೆಯಲ್ಲಿ ಕಡಬು ಉಂಡು ಕೈಲಾಸಕ್ಕೆ ಮರಳಿ, ಭೂಲೋಕದಲ್ಲಿ ಎಲ್ಲ ಸುಖವಾಗಿದೆ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನೆ. ಜೋಕುಮಾರ ಓಣಿ ಓಣಿ ಅಲೆದು, ಒಣಗಿದ ಹೊಲ ನೋಡಿ, ವಾರ ತುಂಬುವುದರೊಳಗೆ ಸತ್ತು, ಜನ ಕಷ್ಟದಲ್ಲಿದ್ದಾರೆ ಎಂದು ಹೇಳುತ್ತಾನೆ. ಮಳೆ ಬರುವುದು ಎರಡನೆಯವನ ಮಾತು ಕೇಳಿದ ಮೇಲೆ.

ಇವರಿಬ್ಬರಲ್ಲಿ ಕಾರ್ಟೂನ್ ಆದವನು ಗಣಪ. 2007ರಲ್ಲೇ ‘ಬಾಲ ಗಣೇಶ್’ ಎಂಬ ಆ್ಯನಿಮೇಷನ್ ಚಿತ್ರ ಬಂತು, ‘ಮೈ ಫ್ರೆಂಡ್ ಗಣೇಶ’ವೂ ಬಂತು, ಅಲ್ಲಿಂದ ಮುಂದೆ ಟೀವಿಯಲ್ಲಿ, ಮೊಬೈಲಿನಲ್ಲಿ, ಶಾಲೆಯ ಚೀಲದ ಮೇಲೆ, ಟಿಫಿನ್ ಡಬ್ಬಿಯ ಮೇಲೆ ಪುಟ್ಟ ಗಣಪನದೇ ರಾಜ್ಯ. ಜೋಕುಮಾರನನ್ನು ಯಾವ ಟಿಫಿನ್ ಡಬ್ಬಿಯ ಮೇಲೂ ನಾನು ಕಂಡಿಲ್ಲ. ಅವನು ಹಳ್ಳಿಯವನು, ಪ್ರಚಾರ ಸಾಲದು ಎಂಬ ಕಾರಣ ನನಗೆ ಸಾಕೆನಿಸುವುದಿಲ್ಲ. ಜಪಾನಿನ ಹಳ್ಳಿಗಾಡಿನ ದೆವ್ವಗಳು ಜಗತ್ತನ್ನೆಲ್ಲ ಸುತ್ತಿ ಬಂದಿವೆ. ನನ್ನ ವಾದ ಇಷ್ಟು: ಆಟ, ಕಾಮಿಕ್ಸು, ಆ್ಯನಿಮೇಷನ್ನುಗಳಲ್ಲಿ ಊರೂರು ತಿರುಗಲು ಒಂದು ವಿಚಿತ್ರ ಜೀವಿಗೆ ರಹದಾರಿ ಸಿಗಬೇಕಾದರೆ ಅದು ಮುದ್ದಾಗಿದ್ದರೆ ಸಾಲದು. ಕರೆದಾಗ ಬರಬೇಕು, ಕೆಲಸ ಮಾಡಿಕೊಡಬೇಕು, ಆಮೇಲೆ ಲೆಕ್ಕ ಕೇಳದೆ ಹೋಗಬೇಕು. ಮುದ್ದು ಎಂದು ನಾವು ಕರೆಯುವುದರ ಬಹುಪಾಲು ಈ ಲೆಕ್ಕ ಕೇಳದಿರುವ ಗುಣವೇ.

ಜೋಕುಮಾರನ ಮುಖವನ್ನು ಒಮ್ಮೆ ಸರಿಯಾಗಿ ನೋಡಬೇಕು. ಹಸಿ ಮಣ್ಣಿನಲ್ಲಿ ಮಾಡಿದ ಮೂರ್ತಿ. ದೊಡ್ಡ ತಲೆ, ದೊಡ್ಡ ಕಣ್ಣು, ಮೇಲಕ್ಕೆ ತಿರುವಿದ ಮೀಸೆ, ಅಗಲವಾಗಿ ತೆರೆದ ಬಾಯಿ. ಆ ಬಾಯಿಗೆ ಬೆಣ್ಣೆ ಸವರುತ್ತಾರೆ. ಬೇವಿನ ತಪ್ಪಲು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿಕೊಂಡು ಅಂಬಿಗರ ಹೆಣ್ಣುಮಕ್ಕಳು ಮನೆಮನೆಗೆ ಹೊತ್ತು ತರುತ್ತಾರೆ; ಅಂಗಳಕ್ಕಿಳಿಸಿ ಹಾಡುತ್ತಾರೆ; ಮನೆಯವರು ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ತಂದು ನೀಡುತ್ತಾರೆ. ಅವನು ರಾಕ್ಷಸನಲ್ಲ, ನಿಜ. ಆದರೆ ದೇವರ ಕೋಣೆಯ ಜಗಲಿಯ ಮೇಲೆ ಕೂರುವ ಮುಖವೂ ಅದಲ್ಲ. ಮಕ್ಕಳು ಅವನನ್ನು ನೋಡಿ ನಗುತ್ತಾರೆ, ಸಣ್ಣವು ಅಳುತ್ತವೆ, ಮತ್ತೆ ನೋಡಲು ಓಡಿಬರುತ್ತವೆ. ಮುದ್ದು ರಾಕ್ಷಸನಿಗೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿದೆ.

ಮುದ್ದುತನಕ್ಕೊಂದು ಶಾಸ್ತ್ರವೂ ಇದೆ. ಪ್ರಾಣಿಗಳ ನಡವಳಿಕೆ ಅಭ್ಯಸಿಸಿದ ಕೊನ್ರಾಡ್ ಲೊರೆನ್ಜ್ 1943ರಲ್ಲಿ ಒಂದು ಮಾತು ಮುಂದಿಟ್ಟ: ದೊಡ್ಡ ತಲೆ, ಉಬ್ಬಿದ ಹಣೆ, ದೊಡ್ಡ ಕಣ್ಣು, ಗುಂಡು ಕೆನ್ನೆ, ಗಿಡ್ಡ ಕೈಕಾಲು ಎಲ್ಲಿ ಕಂಡರೂ ನಮ್ಮೊಳಗೆ ಹಸುಗೂಸನ್ನು ಎತ್ತಿಕೊಳ್ಳುವ ಆಸೆ ಏಳುತ್ತದೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಮಿಕ್ಕಿ ಮೌಸಿನ ಹಳೆಯ, ಹೊಸ ಚಿತ್ರಗಳನ್ನು ಅಳೆದು ನೋಡಿ, ಅದು ವರ್ಷ ಕಳೆದಂತೆ ಚಿಕ್ಕ ಮಗುವಾಗುತ್ತ ಬಂದುದನ್ನು ತೋರಿಸಿಕೊಟ್ಟ. ತಲೆ, ಕಣ್ಣು ಹಿಗ್ಗಿದವು; ಅದರ ಜತೆಗೇ ಮೊದಲಿನ ಆ ಕಿಡಿಗೇಡಿ ಇಲಿ ಸಭ್ಯವಾಯಿತು. ಗೌಲ್ಡ್ ಒತ್ತಿ ಹೇಳಿದ್ದು ತಲೆಯ ಅಳತೆಯನ್ನು. ನನ್ನ ಕಣ್ಣು ಹೋಗುವುದು ಬಾಯಿಯ ಕಡೆ. 1974ರಲ್ಲಿ ಜಪಾನಿನ ಸ್ಯಾನ್ರಿಯೊ ಕಂಪನಿಗಾಗಿ ಯೂಕೊ ಶಿಮಿಜು ರೂಪಿಸಿದ ಹಲೋ ಕಿಟ್ಟಿಗೆ ಬಾಯಿಯೇ ಇಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಮುದ್ದು ಮುಖಗಳಲ್ಲೊಂದು ಅದು. ಅದು ಏನನ್ನೂ ಕೇಳುವಂತಿಲ್ಲ. ಜೋಕುಮಾರನ ಮುಖದಲ್ಲಿ ಎಲ್ಲಕ್ಕಿಂತ ದೊಡ್ಡದು ಬಾಯಿ.

ಇನ್ನು ಪಿಕಾಚು. ಅಸುಂಡಿಯ ಮಕ್ಕಳಿಗೂ ಟೋಕಿಯೊದ ಮಕ್ಕಳಿಗೂ ಒಂದೇ ಹೆಸರಿನಿಂದ ಗೊತ್ತಿರುವ ಹಳದಿ ಜೀವಿ. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ನಿಂಟೆಂಡೊ ಗೇಮ್‌ಬಾಯ್‌ಗಾಗಿ ಬಂದ ಪೋಕೆಮಾನ್ ಆಟದಲ್ಲಿ ಅದು ನೂರೈವತ್ತು ಚಿಲ್ಲರೆ ಜೀವಿಗಳ ಪೈಕಿ ಒಂದು ಮಾತ್ರ. ಅದನ್ನು ಚಿತ್ರಿಸಿದವರು ಅಟ್ಸುಕೊ ನಿಶಿದ. ಆಟ ಕಟ್ಟಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳು ಹಿಡಿದು ಕೂಡಿಹಾಕುತ್ತಿದ್ದವರು. ಆ ಹವ್ಯಾಸವೇ ಆಟದ ಬೀಜ. ಮರುವರ್ಷ ಏಪ್ರಿಲ್ 1ರಂದು ಟೀವಿ ಆ್ಯನಿಮೇಷನ್ ಶುರುವಾಯಿತು, ಅದೇ ವರ್ಷ ಹಿದೆನೊರಿ ಕುಸಾಕ ಬರೆದ ಮಾಂಗಾ ಕೂಡ. ನಾಯಕ ಹುಡುಗನ ಸಂಗಾತಿಯಾಗಿ ಟೀವಿಯವರು ಪಿಕಾಚುವನ್ನು ಆರಿಸಿದ್ದೇ ತಡ, ನೂರೈವತ್ತರಲ್ಲಿ ಒಂದಾಗಿದ್ದದ್ದು ಎಲ್ಲಕ್ಕೂ ಮುಂದಾಳಾಯಿತು. 1998ರ ಆಟದಲ್ಲಿ ಅದು ಆಟಗಾರನ ಹಿಂದೆ ನಡೆಯತೊಡಗಿತು. 2016ರಲ್ಲಿ ಪೋಕೆಮಾನ್ ಗೋ ಬಂದು ಬೀದಿಗಿಳಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಜಿಯೊ ಜತೆಗೂಡಿ ಭಾರತಕ್ಕೂ ಬಂತು. 2019ರಲ್ಲಿ ಹಾಲಿವುಡ್ಡಿನಲ್ಲಿ ಪತ್ತೇದಾರನಾಯಿತು. ಈ ಪಯಣದಲ್ಲಿ ಮೊದಲಿನ ಡೊಳ್ಳು ಹೊಟ್ಟೆ ಕರಗಿ ಮೈ ತೆಳ್ಳಗಾಗಿದೆ.

ಪಿಕಾಚುವಿನ ದುಡಿಮೆ ಏನು? ಯಜಮಾನ ಹುಡುಗ ಕೈ ತೋರಿದ ಕಡೆ ಹೋಗಿ ಹೊಡೆದಾಡುವುದು. ಪೋಕೆಮಾನ್ ಜಗತ್ತಿನಲ್ಲಿ ಹಿಡಿದ ಪ್ರತಿ ಜೀವಿಯೂ ಒಂದು ಚೆಂಡಿನೊಳಗೆ ಮುದುಡಿ ಜೇಬಿನಲ್ಲಿ ಕೂತಿರುತ್ತದೆ. ಚೆಂಡು ಎಸೆದರೆ ಹೊರಬರುತ್ತದೆ, ಕಾದಾಡುತ್ತದೆ, ಸೋತರೆ ಮೂರ್ಛೆ ಹೋಗುತ್ತದೆ, ದವಾಖಾನೆಯಲ್ಲಿ ಒಂದು ಸಣ್ಣ ರಾಗ ಮುಗಿಯುವಷ್ಟರಲ್ಲಿ ಚೇತರಿಸಿಕೊಳ್ಳುತ್ತದೆ. ದವಾಖಾನೆಗೆ ದುಡ್ಡಿಲ್ಲ. ಸಾಯುವುದಂತೂ ಇಲ್ಲವೇ ಇಲ್ಲ. ಇಲ್ಲಿ ತಾಜಿರಿಯವರ ಕಾರಣವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮಕ್ಕಳು ಆಟದಲ್ಲಿ ಸೋತಾಗಲೆಲ್ಲ ‘ಸತ್ತೆ’ ಅನ್ನುತ್ತಾರೆ, ಸಾವನ್ನು ಅಷ್ಟು ಹಗುರ ಮಾಡಬಾರದು, ಅದಕ್ಕೇ ತನ್ನ ಜೀವಿಗಳು ಮೂರ್ಛೆ ಮಾತ್ರ ಹೋಗುತ್ತವೆ ಎಂಬರ್ಥದಲ್ಲಿ ಅವರು ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಅಂದರೆ ಸಾವಿನ ಮೇಲಿನ ಗೌರವದಿಂದಲೇ ಸಾವನ್ನು ಹೊರಗಿಟ್ಟದ್ದು. ಪೂರ್ತಿ ಹೊರಗಿಟ್ಟದ್ದೂ ಅಲ್ಲ. ಆ ಮೊದಲ ಆಟದ ಲ್ಯಾವೆಂಡರ್ ಟೌನ್ ಎಂಬ ಊರಿನಲ್ಲಿ ಪೋಕೆಮಾನ್‌ಗಳ ಗೋರಿಗಳಿಂದ ತುಂಬಿದ ಗೋಪುರವೊಂದಿದೆ. ಕೊಲೆಯಾದ ತಾಯಿಜೀವಿಯ ದೆವ್ವ ಅಲ್ಲಿ ಕಾವಲಿದೆ. ಆಟ ಆಡಿದವರಿಗೆ ಆ ಗೋಪುರ ಮರೆಯುವುದಿಲ್ಲ. ಆದರೆ ಆಟದಿಂದ ಟೀವಿಗೆ, ಟೀವಿಯಿಂದ ಚೀಲಕ್ಕೆ, ಚೀಲದಿಂದ ಹುಟ್ಟುಹಬ್ಬದ ಕೇಕಿಗೆ ಜೀವಿಗಳು ಹೊರಟಾಗ ಗೋಪುರ ಅಲ್ಲೇ ಉಳಿಯಿತು.

ನನ್ನ ವಾದಕ್ಕೆ ಪಿಕಾಚು ಒಂದು ತೊಡಕನ್ನೂ ಒಡ್ಡುತ್ತದೆ. ಟೀವಿಯ ಪಿಕಾಚು ಚೆಂಡಿನೊಳಗೆ ಹೋಗಲು ಒಪ್ಪುವುದಿಲ್ಲ. ಮೊದಲ ಕಂತಿನಲ್ಲೇ ಹಟ ಹಿಡಿದು ಹೊರಗೇ ಉಳಿಯುತ್ತದೆ, ಯಜಮಾನನಿಗೇ ಶಾಕ್ ಹೊಡೆಸುತ್ತದೆ. ಹಾಗಾದರೆ ಜಗತ್ತಿಗೆ ಅತಿ ಪ್ರಿಯವಾದದ್ದು ವಿಧೇಯ ಜೀವಿಯಲ್ಲ, ಜೇಬಿಗೆ ಒಗ್ಗದ ಜೀವಿ ಎಂದಾಯಿತಲ್ಲ? ಅರ್ಧ ಒಪ್ಪುತ್ತೇನೆ. ಆ ಹಟವೇ ಅದಕ್ಕೆ ವ್ಯಕ್ತಿತ್ವ ಕೊಟ್ಟಿತು. ಆದರೆ ಆ ಹಟ ಬಗೆಹರಿಯುವುದು ಗೆಳೆತನದಲ್ಲಿ. ಗೆಳೆತನವಾದ ಮೇಲೆ ಹೊಡೆದಾಟ ಮೊದಲಿನಂತೆಯೇ ನಡೆಯುತ್ತದೆ, ಈಗ ಸ್ವಂತ ಇಷ್ಟದಿಂದ. ಅದರ ಮಾತೆಂದರೆ ಅದರ ಹೆಸರೊಂದೇ. ಎಲ್ಲ ಭಾಷೆಯಲ್ಲೂ ಅದೇ ‘ಪಿಕಾ ಪಿಕಾ’. ಕನ್ನಡದಲ್ಲಿ ಡಬ್ಬಿಂಗ್ ಬೇಕೇ ಬೇಡವೇ ಎಂದು ನಾವು ದಶಕಗಟ್ಟಲೆ ಜಗಳಾಡಿ, 2015ರಲ್ಲಿ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕುವವರೆಗೂ ಎಳೆದೆವು. 2009ರಲ್ಲಿ ಕನ್ನಡದ ಮಕ್ಕಳ ವಾಹಿನಿ ಚಿಂಟು ಟೀವಿ ಬರುವ ತನಕ ನಮ್ಮ ಮಕ್ಕಳು ಕಾರ್ಟೂನುಗಳ ಹಿಂದಿ ಕೇಳಿಯೇ ಬೆಳೆದರು. ಆ ಜಗಳದ ಬಿಸಿ ತಟ್ಟದ ಪಾತ್ರವೆಂದರೆ ಪಿಕಾಚು ಒಂದೇ ಇರಬೇಕು.

ಈಗ ನಮ್ಮ ರಾಕ್ಷಸನ ಕಡೆ ಬರೋಣ. ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಕನ್ನಡಿಸಿದ ಎಂದು ಈ ಸೀಮೆ ಹೆಮ್ಮೆಪಡುತ್ತದೆ. ಆ ಹತ್ತರಲ್ಲಿ ದ್ರೋಣಪರ್ವವಿದೆ, ದ್ರೋಣಪರ್ವದಲ್ಲಿ ಘಟೋತ್ಕಚನ ರಾತ್ರಿಯಿದೆ. ಚೆಂಡಿನಿಂದ ಹೊರಬರುವ ಜೀವಿಯ ಕಥೆಯನ್ನು ಜಪಾನಿನಿಂದ ತರಿಸಬೇಕಾದ ಅಗತ್ಯ ನಮಗೆ ಇರಲಿಲ್ಲ. ಹಿಡಿಂಬೆಯ ಮಗ ಹುಟ್ಟಿದ ಕೂಡಲೇ ಬೆಳೆದು ದೊಡ್ಡವನಾಗಿ, ಅಪ್ಪಂದಿರಿಗೆ ಕೈಮುಗಿದು, ನೀವು ನೆನೆದಾಗ ಬರುತ್ತೇನೆ ಎಂದು ಮಾತು ಕೊಟ್ಟು ತಾಯಿಯೊಡನೆ ಕಾಡಿಗೆ ಸರಿದುಬಿಡುತ್ತಾನೆ. ಪಾಂಡವರ ಮುಂದಿನ ತಲೆಮಾರಿಗೆ ಅವನೇ ಹಿರಿಯ. ಅರಮನೆಯಲ್ಲಿ ಅವನಿಗೊಂದು ಕೋಣೆಯಿಲ್ಲ, ಪಾಲಿನ ಮಾತಂತೂ ಇಲ್ಲ. ವನವಾಸದಲ್ಲಿ ಗಂಧಮಾದನದ ದಾರಿಯಲ್ಲಿ ದ್ರೌಪದಿ ಕುಸಿದು ಬಿದ್ದಾಗ ಭೀಮ ನೆನೆಯುತ್ತಾನೆ, ಅವನು ಬರುತ್ತಾನೆ. ದ್ರೌಪದಿಯನ್ನು ಹೊತ್ತು ಬೆಟ್ಟ ಹತ್ತುತ್ತಾನೆ, ಇಳಿಸುತ್ತಾನೆ, ಹೋಗುತ್ತಾನೆ.

ಕೊನೆಯ ಕರೆ ಯುದ್ಧದ ಹದಿನಾಲ್ಕನೆಯ ದಿನದ್ದು. ಜಯದ್ರಥ ಸತ್ತ ಸಂಜೆ ಕಾಳಗ ನಿಲ್ಲದೆ ಕತ್ತಲಲ್ಲೂ ಮುಂದುವರಿಯುತ್ತದೆ. ರಾತ್ರಿ ರಾಕ್ಷಸರಿಗೆ ಬಲ ಹೆಚ್ಚು. ಕರ್ಣನೆದುರು ಅವನನ್ನು ಕಳಿಸುವವನು ಕೃಷ್ಣ. ಕೌರವ ಸೇನೆ ಚೆದರಿ ಹೋದಾಗ, ಅರ್ಜುನನಿಗೆಂದೇ ಕರ್ಣ ಬಹುಕಾಲದಿಂದ ಕಾದಿಟ್ಟ ಇಂದ್ರನ ಶಕ್ತ್ಯಾಯುಧ ಘಟೋತ್ಕಚನ ಎದೆಗೆ ನಾಟುತ್ತದೆ. ಬೀಳುವಾಗಲೂ ಅವನು ಮೈಯನ್ನು ಬೆಟ್ಟದಂತೆ ಬೆಳೆಸಿ ಶತ್ರುಗಳ ಮೇಲೆ ಬಿದ್ದು ಒಂದು ಅಕ್ಷೌಹಿಣಿಯನ್ನೇ ಅರೆದುಹಾಕುತ್ತಾನೆ, ಸಾವಿನಲ್ಲೂ ಕೆಲಸ. ಆಮೇಲೆ ವ್ಯಾಸಭಾರತದಲ್ಲಿ ನಡೆಯುವುದು ಯಾವ ಮಕ್ಕಳ ಪುಸ್ತಕವೂ ಹೇಳಲು ಹಿಂಜರಿಯುವಂಥದ್ದು. ಪಾಂಡವರು ಅಳುತ್ತಿದ್ದಾರೆ, ಕೃಷ್ಣ ಸಿಂಹನಾದ ಮಾಡಿ, ಅರ್ಜುನನನ್ನು ತಬ್ಬಿ, ರಥದ ಮೇಲೆ ಕುಣಿಯುತ್ತಾನೆ. ಶಕ್ತಿ ಖರ್ಚಾಯಿತು, ಅರ್ಜುನ ಉಳಿದ. ಅಷ್ಟಕ್ಕೇ ನಿಲ್ಲದೆ, ಯಜ್ಞದ್ವೇಷಿಯಾದ ಈ ರಾಕ್ಷಸನನ್ನು ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಎಂದೂ ಹೇಳಿಬಿಡುತ್ತಾನೆ. ಆದರೆ ಅದೇ ಪರ್ವ ಯುಧಿಷ್ಠಿರನ ಬಾಯಿಂದ ಇನ್ನೊಂದು ಪಟ್ಟಿಯನ್ನು ಹೇಳಿಸುತ್ತದೆ: ಅರ್ಜುನ ದೂರವಿದ್ದಾಗ ಕಾಡಿನಲ್ಲಿ ನಮ್ಮನ್ನು ನೋಡಿಕೊಂಡವನು, ದಣಿದ ದ್ರೌಪದಿಯನ್ನು ಹೊತ್ತವನು, ನನ್ನ ಮೇಲೆ ಭಕ್ತಿಯಿಟ್ಟವನು. ಮಹಾಭಾರತದ ದೊಡ್ಡತನ ಇದು. ರಾಕ್ಷಸನನ್ನು ಬಳಸಿಕೊಂಡರು ಎಂಬುದನ್ನು ಅದು ಮುಚ್ಚಿಡುವುದಿಲ್ಲ, ಬಾಕಿಯ ಪಟ್ಟಿಯನ್ನೂ ಹರಿದು ಹಾಕುವುದಿಲ್ಲ.

ಈ ರಾಕ್ಷಸ ಮುದ್ದಾದದ್ದು ಹೇಗೆ? ಮದುವೆಯ ಕಥೆಯೊಂದರ ಮೂಲಕ. ಅಭಿಮನ್ಯುವಿಗೆ ಪ್ರೇಯಸಿಯನ್ನು ದೊರಕಿಸಿಕೊಡಲು ಘಟೋತ್ಕಚ ಮಾಯೆಯಾಟವಾಡಿ ದುರ್ಯೋಧನನ ಮಗನನ್ನು ಹಾಸ್ಯಾಸ್ಪದ ಮಾಡುವ ಈ ಕಥೆ ವ್ಯಾಸಭಾರತದಲ್ಲಿಲ್ಲ. ಆದರೆ ಹೊಸದೂ ಅಲ್ಲ: ಜಾವಾದಲ್ಲಿ 12ನೆಯ ಶತಮಾನದ ಕವಿ ಮ್ಪು ಪನುಲುಹ್ ಬರೆದ ‘ಘಟೋತ್ಕಚಾಶ್ರಯ’ ಕಾವ್ಯದ ವಸ್ತುವೂ ಇದೇ ಬಗೆಯದು. ನಮ್ಮ ಕಡೆ ಅದು ಬಯಲಾಟ, ನಾಟಕ ಕಂಪನಿಗಳ ‘ಮಾಯಾಬಜಾರ್’ ಆಗಿ ತಿರುಗಿತು. ಮರಾಠಿ ನೆಲದಲ್ಲಿ ಬಾಬುರಾವ್ ಪೇಂಟರರ 1921ರ ಮೂಕಿಚಿತ್ರ ‘ಸುರೇಖಾ ಹರಣ’ ಆಯಿತು, ವಿ. ಶಾಂತಾರಾಂ ಮೊದಲು ಬಣ್ಣ ಹಚ್ಚಿದ್ದು ಅದರಲ್ಲೇ. 1957ರಲ್ಲಿ ಕೆ.ವಿ. ರೆಡ್ಡಿ ಅದನ್ನು ತೆಲುಗು, ತಮಿಳುಗಳಲ್ಲಿ ಮಾಡಿದರು, ಕನ್ನಡಕ್ಕೂ ಅದು ಡಬ್ ಆಯಿತು. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಮದುವೆಯ ಅಡುಗೆಯ ಮುಂದೆ ಕೂತು ಮೀಸೆ ತಿರುವುವುದನ್ನು, ಲಾಡುಗಳು ತಾವಾಗಿ ಹಾರಿ ಅವನ ಬಾಯಿಗೆ ಬೀಳುವುದನ್ನು ನೋಡಿ ನಗದ ಮನುಷ್ಯ ದಕ್ಷಿಣ ಭಾರತದಲ್ಲಿ ಅಪರೂಪ.

ಆ ಚಿತ್ರ ನನಗೂ ಅತಿ ಪ್ರಿಯ. ಲೊರೆನ್ಜನ ಹಸುಗೂಸಿನ ಲಕ್ಷಣಗಳಲ್ಲಿ ಒಂದೂ ಇಲ್ಲದ, ಗದೆ ಹೊತ್ತ, ಹೊಟ್ಟೆ ಮುಂದೆ ಬಂದ ನಡುವಯಸ್ಸಿನ ಮನುಷ್ಯನನ್ನು ಮಕ್ಕಳು ಎತ್ತಿ ಆಡಿಸುವಷ್ಟು ಪ್ರೀತಿಸಿದರು. ಅವನಿಗೆ ಬಾಯಿಯೂ ಇದೆ, ಹಸಿವೂ ಇದೆ. ಸಾವಿತ್ರಿ ನಟಿಸಿದ ಮಾಯಾ ಶಶಿರೇಖೆಯಂತೂ ಮದುವಣಗಿತ್ತಿಯ ಸೀರೆಯೊಳಗೆ ರಾಕ್ಷಸ ಕೂತಿರುವುದನ್ನು ಕಣ್ಣಂಚಿನಲ್ಲೇ ತೋರಿಸುತ್ತಾಳೆ. ಹಾಗಿದ್ದರೂ ಒಂದು ವಿಷಯ ಬಹಳ ಜನ ಗಮನಿಸಿ ಮೆಚ್ಚಿದ್ದಾರೆ, ನನ್ನನ್ನು ಅದು ಕಾಡುತ್ತದೆ: ಇಡೀ ಚಿತ್ರದಲ್ಲಿ ಪಾಂಡವರು ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಕಥನಕೌಶಲವೆಂದು ಹೊಗಳುವುದು ಸರಿಯೇ. ಆದರೆ ಸಾಲಗಾರರೇ ಇಲ್ಲದ ಮನೆಯಲ್ಲಿ ಘಟೋತ್ಕಚ ಇಷ್ಟು ಹಗುರಾಗಿ ನಗಬಲ್ಲ ಎಂಬುದೂ ಸರಿ. ಹದಿನಾಲ್ಕನೆಯ ದಿನದ ಆ ರಾತ್ರಿಯ ಸುಳಿವು ಚಿತ್ರದಲ್ಲಿಲ್ಲ.

ಈ ಚಿತ್ರದ ನಿರ್ಮಾಪಕರು ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ. 1947ರಲ್ಲಿ ‘ಚಂದಮಾಮ’ ಹುಟ್ಟುಹಾಕಿದವರೂ ಅವರೇ. ಕನ್ನಡದ ಹಳ್ಳಿಶಾಲೆಗಳಿಗೆ ಬೇತಾಳನನ್ನು ತಂದದ್ದು ಆ ಪತ್ರಿಕೆ. ಚಿತ್ರಕಾರ ಶಂಕರ್ ಬಿಡಿಸಿದ, ವಿಕ್ರಮನ ಹೆಗಲ ಮೇಲೆ ನೇತಾಡುವ ಆ ಬಿಳಿ ಜೀವಿ ಮಕ್ಕಳಿಗೆ ಹೆದರಿಕೆಗಿಂತ ಹೆಚ್ಚಾಗಿ ಗೆಳೆಯನಾಗಿತ್ತು. ದಕ್ಷಿಣದ ಎರಡು ತಲೆಮಾರಿನ ಮಕ್ಕಳಿಗೆ ಭೂತ, ರಾಕ್ಷಸರನ್ನು ಪಳಗಿಸಿ ಕೊಟ್ಟ ಮನೆ ಒಂದೇ ಎಂಬುದು ನನಗೆ ಆಕಸ್ಮಿಕವೆನಿಸುವುದಿಲ್ಲ. ಆದರೆ ಬೇತಾಳನ ವಿಷಯದಲ್ಲಿ ಒಂದು ಗಟ್ಟಿತನವಿದೆ. ಅವನು ಪ್ರಶ್ನೆ ಕೇಳುತ್ತಾನೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಎನ್ನುತ್ತಾನೆ. ಹೆಗಲ ಮೇಲಿದ್ದರೂ ಜೇಬಿಗಿಳಿಯದ ಭೂತ ಅದು.

ಕಾಮಿಕ್ಸಿನ ಕಥೆ ಬೇಗ ಮುಗಿಸಬಹುದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರ ಕಥೆಯಲ್ಲಿ ಘಟೋತ್ಕಚನಿಗೂ ಒಂದು ಪುಸ್ತಕ ದಕ್ಕಿದೆ. ಆ ಮಾಲೆಯ ರಾಕ್ಷಸರಿಗೆ ಸಾಮಾನ್ಯವಾಗಿ ಕಪ್ಪು ಮೈ, ಕೋರೆಹಲ್ಲು. ದೇವತೆಗಳಿಗೆ ತಿಳಿ ಬಣ್ಣ. ಇದರ ಬಗ್ಗೆ ಬಂದ ಟೀಕೆಗಳು ನ್ಯಾಯವಾದವು.

2008ರಲ್ಲಿ ‘ಘಟೋತ್ಕಚ’ ಆ್ಯನಿಮೇಷನ್ ಚಿತ್ರವಾದ. ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ಕನ್ನಡಿಗರಿಗೆ ಅವರು ರಾಜಕುಮಾರರ ‘ಹಾಲು ಜೇನು’, ‘ಶ್ರಾವಣ ಬಂತು’ಗಳ ನಿರ್ದೇಶಕರಾಗಿ ಪರಿಚಿತರು, 1957ರ ‘ಮಾಯಾಬಜಾರ್’ನಲ್ಲಿ ಕೆ.ವಿ. ರೆಡ್ಡಿಯವರ ಸಹಾಯಕರಾಗಿದ್ದವರೂ ಹೌದು. ಗುರುವಿನ ರಾಕ್ಷಸನನ್ನು ಅರ್ಧ ಶತಮಾನದ ಮೇಲೆ ಶಿಷ್ಯ ಮತ್ತೆ ಕೈಗೆತ್ತಿಕೊಂಡಾಗ ಅವನು ಗುಂಡು ಕೆನ್ನೆಯ ಹುಡುಗನಾಗಿದ್ದ, ಜತೆಗೊಂದು ಆನೆಮರಿ ಗೆಳೆಯ. ರಂಗರಾಯರ ಮೀಸೆ ಹೋಯಿತು, ಹೊಟ್ಟೆ ಹೋಯಿತು. ಗೌಲ್ಡ್ ಮಿಕ್ಕಿಯಲ್ಲಿ ಕಂಡ ಬದಲಾವಣೆಯೇ ಇಲ್ಲೂ ನಡೆದಿದೆ. ದೊಡ್ಡವನೊಬ್ಬನ ಮುದ್ದುತನವನ್ನು ನಂಬುವ ಧೈರ್ಯ ಸಿನಿಮಾಕ್ಕೆ ಇತ್ತು, ಆ್ಯನಿಮೇಷನ್ನಿಗೆ ಬರುವಾಗ ಅದು ಉಳಿಯಲಿಲ್ಲ. ಮಗುವಿನ ಕಥೆ ಮಗುವಿನ ವಯಸ್ಸಿಗೇ ನಿಲ್ಲುವುದರಿಂದ ಹದಿನಾಲ್ಕನೆಯ ರಾತ್ರಿಗೆ ಹೋಗುವ ದಾರಿಯೂ ತಾನಾಗಿ ಮುಚ್ಚುತ್ತದೆ.

ಜಾವಾದವರು ಬೇರೆ ದಾರಿ ಹಿಡಿದರು. ಅವರ ತೊಗಲುಬೊಂಬೆಯಾಟ ವಯಾಂಗಿನಲ್ಲಿ ಗಟೊಟ್ಕಚ ಸುಂದರ ವೀರ, ತಂತಿಯ ಸ್ನಾಯು, ಕಬ್ಬಿಣದ ಎಲುಬಿನ ಹಾರುವ ಕ್ಷತ್ರಿಯ. 1995ರ ಆಗಸ್ಟ್ 10ರಂದು ಇಂಡೊನೇಷ್ಯ ತಾನೇ ತಯಾರಿಸಿದ ಎನ್-250 ವಿಮಾನ ಮೊದಲು ಹಾರಿದಾಗ ಅದಕ್ಕೆ ಇಟ್ಟದ್ದು ಅವನ ಹೆಸರು. 2022ರಲ್ಲಿ ಅವನ ಮೇಲೆ ಸೂಪರ್ ಹೀರೊ ಚಿತ್ರ ಬಂತು. ‘ಮೊಬೈಲ್ ಲೆಜೆಂಡ್ಸ್’ ಎಂಬ ಆನ್‌ಲೈನ್ ಆಟದಲ್ಲಿ ಅವನೊಬ್ಬ ಹೀರೊ.  ಆಟದಲ್ಲಿ ಅವನು ಸಾಯುತ್ತಾನೆ, ಕೆಲವು ಸೆಕೆಂಡು ಎಣಿಸಿ ಮತ್ತೆ ಎದ್ದು ಬರುತ್ತಾನೆ. ವಯಾಂಗಿನಲ್ಲಿ ಮಾತ್ರ ಅವನ ಸಾವಿನ ಪ್ರಸಂಗವನ್ನು ಇಂದಿಗೂ ರಾತ್ರಿಯಿಡೀ ಆಡುತ್ತಾರೆ. ಒಂದೇ ಪಾತ್ರ; ತೊಗಲುಬೊಂಬೆಗೆ ಗೊತ್ತಿರುವುದು ಮೊಬೈಲಿಗೆ ಗೊತ್ತಿಲ್ಲ.

ಮಕ್ಕಳ ಮನರಂಜನೆಗೆ ಇಷ್ಟೊಂದು ಭಾರ ಹೇರುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ನಗಿಸಲು ಬಂದ ರಾಕ್ಷಸನ ಬೆನ್ನಿಗೆ ಸಾವು ಕಟ್ಟುವುದೇಕೆ? ಇದಕ್ಕೆ ನನ್ನ ಉತ್ತರ ಹುಣ್ಣಿಮೆಯ ರಾತ್ರಿಯಲ್ಲಿದೆ. ವಾರವಿಡೀ ಬೆಣ್ಣೆ ತಿಂದ ಜೋಕುಮಾರನನ್ನು ಹುಣ್ಣಿಮೆಯಂದು ಕೊಲ್ಲುತ್ತಾರೆ. ಊರೂರಿಗೆ ವಿಧಾನ ಬೇರೆ. ಅಗಸರ ಕೇರಿಗೆ ಒಯ್ದು ಒನಕೆಯಿಂದ ಹೊಡೆಯುವುದು, ಬುಟ್ಟಿ ಬೋರಲು ಹಾಕುವುದು, ಆಮೇಲೆ ಅಳುವುದು, ದಿನ ಮಾಡುವುದು. ಮನೆಯ ಅಂಗಳದಲ್ಲಿ ಅವನಿಗೆ ಜೋಳ ನೀಡಿದ ಅದೇ ಮಕ್ಕಳು ಅವನು ಸತ್ತ ಸುದ್ದಿಯನ್ನೂ ಕೇಳುತ್ತಾರೆ. ಶತಮಾನಗಳಿಂದ ಕೇಳಿದ್ದಾರೆ, ಕೇಳಿ ಮರುವರ್ಷ ಮತ್ತೆ ಬುಟ್ಟಿಯ ಹಿಂದೆ ಓಡಿದ್ದಾರೆ. ಅವನು ತಮಗಾಗಿ ಸತ್ತ, ತಮ್ಮ ಕಷ್ಟ ಹೇಳಲು ಹೋದ ಎಂಬುದು ಅವರಿಗೆ ಹೊರೆಯಾದಂತೆ ಕಾಣುವುದಿಲ್ಲ. ದೊಡ್ಡವರಾದ ನಾವೇ ಮಕ್ಕಳ ಹೆಸರಿನಲ್ಲಿ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತೇವೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಜೋಕುಮಾರ ಮಕ್ಕಳಿಗೆ ಹೇಳುವ ಪಾತ್ರವೇ ಅಲ್ಲ. ಅವನ ಹಾಡು, ಕಥೆಗಳಲ್ಲಿ ಕಾಮ ತುಂಬಿದೆ, ಅವನು ಸಾಯುವುದೇ ಪರಹೆಣ್ಣಿನ ಬೆನ್ನು ಹತ್ತಿ. ಚಂದ್ರಶೇಖರ ಕಂಬಾರರು 1970ರ ದಶಕದ ಆರಂಭದಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದಾಗ ಅವರಿಗೆ ಬೇಕಾಗಿದ್ದುದೂ ಆ ಫಲವಂತಿಕೆ, ಜತೆಗೆ ಉಳುವವನ ಭೂಮಿಯ ಹಕ್ಕು. ಒಪ್ಪಿದೆ. ಆದರೆ ಘಟೋತ್ಕಚನ ಕಥೆಯಿಂದ ಸಾವನ್ನೇ ಕಿತ್ತೆಸೆಯಲು ಹಿಂಜರಿಯದವರು ಜೋಕುಮಾರನ ಕಥೆಯ ಕೆಲವು ಭಾಗ ದೊಡ್ಡವರಿಗೆಂದು ಎತ್ತಿಡಲು ಏಕೆ ಹಿಂಜರಿಯಬೇಕು? ಪ್ರತಿ ಮಾಧ್ಯಮವೂ ಏನನ್ನೋ ಬಿಟ್ಟೇ ಬಿಡುತ್ತದೆ. ಕಾಮವನ್ನು ಬಿಟ್ಟು ಹಸಿವನ್ನೂ ವರದಿಯನ್ನೂ ಸಾವನ್ನೂ ಉಳಿಸಿಕೊಂಡ ಜೋಕುಮಾರ ಇನ್ನೂ ಜೋಕುಮಾರನೇ.

ರಾಕ್ಷಸರನ್ನು ಕೊಂಚವೂ ಪಳಗಿಸದೆ ಇಡಬೇಕೆಂದು ನಾನು ಹೇಳುತ್ತಿಲ್ಲ. ಜಪಾನಿನ ಶಿಗೆರು ಮಿಜುಕಿ ಇದಕ್ಕೆ ಉದಾಹರಣೆ. ಎರಡನೇ ಮಹಾಯುದ್ಧದಲ್ಲಿ ನ್ಯೂ ಬ್ರಿಟನ್ ದ್ವೀಪದಲ್ಲಿ ಎಡಗೈ ಕಳಕೊಂಡು ಮರಳಿದ ಈ ಮನುಷ್ಯ, 1930ರ ದಶಕದ ಬೀದಿಯ ಕಾಗದ ಚಿತ್ರಪ್ರದರ್ಶನಗಳಲ್ಲಿ ಇದ್ದ ಕಿತಾರೊ ಎಂಬ ಸ್ಮಶಾನದ ಹುಡುಗನನ್ನು ಮಾಂಗಾಕ್ಕೆ ತಂದ; 1968ರಿಂದ ಅದು ಟೀವಿ ಆ್ಯನಿಮೇಷನ್ ಆಯಿತು, ಮುಂದೆ ವಿಡಿಯೊ ಗೇಮೂ ಆಯಿತು. ಕಿತಾರೊನ ಅಪ್ಪ ಒಂದು ಕಣ್ಣುಗುಡ್ಡೆ, ಬಟ್ಟಲಲ್ಲಿ ಬಿಸಿನೀರ ಸ್ನಾನ ಮಾಡುತ್ತದೆ. ಅಷ್ಟು ಮುದ್ದಾದ ಕಣ್ಣುಗುಡ್ಡೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಅದು ಸತ್ತ ತಂದೆಯ ಕೊಳೆತ ಹೆಣದಿಂದ ಕಳಚಿ ಬಂದದ್ದು ಎಂಬುದನ್ನು ಮಿಜುಕಿ ಬಚ್ಚಿಡಲಿಲ್ಲ. ಅವನ ಊರು ಸಕಾಯಿಮಿನಾತೊದ ಬೀದಿಯಲ್ಲಿ ಈಗ ಆ ದೆವ್ವಗಳ ನೂರಕ್ಕೂ ಹೆಚ್ಚು ಕಂಚಿನ ಮೂರ್ತಿಗಳಿವೆ, ಜನ ರೈಲು ಹಿಡಿದು ನೋಡಲು ಹೋಗುತ್ತಾರೆ. ನಮ್ಮಲ್ಲಿ ಸಾಮಗ್ರಿಗೆ ಬರವೇ? ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಇದ್ದಾರೆ. ವಕ್ರ ಮೈ, ಚಪಲ ನಾಲಗೆ, ರಾಮನ ಮುಂದೆಯೂ ಬಾಯಿ ಮುಚ್ಚದ ಜೋಡಿ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ಗಂಟೆಗಟ್ಟಲೆ ಮುಖ ಬರೆದು ಬರುವ ಬಣ್ಣದ ವೇಷವಿದೆ. ನಿದ್ದೆ ಹೋದ ಮಕ್ಕಳನ್ನು ಅಪ್ಪ ಅಮ್ಮ ತಟ್ಟಿ ಎಬ್ಬಿಸುವುದು ಆ ಪ್ರವೇಶಕ್ಕೇ. ಭೈರಪ್ಪನವರು 1979ರ ‘ಪರ್ವ’ದಲ್ಲಿ ಮಾಯೆಯನ್ನೆಲ್ಲ ತೆಗೆದು ಈ ರಾಕ್ಷಸರನ್ನು ಕಾಡಿನ ಜನರನ್ನಾಗಿ ಕಂಡರು, ಯುದ್ಧಕ್ಕೆ ಕರೆಸಿಕೊಂಡವರ ಋಣ ಅಲ್ಲಿ ಮರೆಯಾಗುವುದಿಲ್ಲ. ಅದು ದೊಡ್ಡವರ ಕಾದಂಬರಿ. ಮಕ್ಕಳ ಮಾಧ್ಯಮದಲ್ಲಿ ಆ ಕೆಲಸ ಬಾಕಿಯಿದೆ.

ಆ್ಯನಿಮೇಷನ್ನಿಗಿಂತ ಗೇಮ್ ಇದಕ್ಕೆ ಹೆಚ್ಚು ಒಗ್ಗುತ್ತದೆ ಎಂದು ನನಗನಿಸುತ್ತದೆ. ಯಾಕೆಂದರೆ ಹದಿನಾಲ್ಕನೆಯ ರಾತ್ರಿಯ ಕಥೆಗೆ ಆಟದ ನಿಯಮಗಳು ಆಗಲೇ ಇವೆ. ಕರ್ಣನ ಶಕ್ತಿ ಒಮ್ಮೆ ಮಾತ್ರ ಬಳಸಬಹುದಾದ ಆಯುಧ; ಅಂಥದ್ದನ್ನು ಕೊನೆಯ ಎದುರಾಳಿಗೆಂದು ಕಾದಿಟ್ಟು ಕಾದಿಟ್ಟು ಇಕ್ಕಟ್ಟಿನಲ್ಲಿ ಬೇರೆಯವರ ಮೇಲೆ ಖರ್ಚು ಮಾಡುವ ಸಂಕಟ ಗೇಮ್ ಆಡುವ ಪ್ರತಿ ಹುಡುಗನಿಗೂ ಹುಡುಗಿಗೂ ಗೊತ್ತು. ಇನ್ನೊಂದು ಬದಿಗೆ, ನೆನೆದಾಗ ಬರುವ ರಾಕ್ಷಸ. ಆಟಗಾರರು ಪಾಂಡವರ ಪಾಳೆಯದಲ್ಲಿದ್ದಾರೆ ಎಂದುಕೊಳ್ಳೋಣ. ಹಿಂದಿನ ಹಂತಗಳಲ್ಲಿ ಅವನನ್ನು ಎಷ್ಟೋ ಸಲ ಕರೆದಿದ್ದಾರೆ. ಅವನು ದ್ರೌಪದಿಯನ್ನು ಹೊತ್ತಿದ್ದಾನೆ, ಮದುವೆಮನೆಯಲ್ಲಿ ಲಾಡು ತಿಂದು ನಗಿಸಿದ್ದಾನೆ, ಪ್ರತಿ ಸಲವೂ ಏನನ್ನೂ ಕೇಳದೆ ಕಾಡಿಗೆ ಹೋಗಿದ್ದಾನೆ. ಈಗ ಕತ್ತಲಾಗಿದೆ, ಕರ್ಣನ ಕೈಯಲ್ಲಿ ಶಕ್ತಿಯಿದೆ, ಕರೆಯುವ ಗುಂಡಿ ತೆರೆಯ ಮೂಲೆಯಲ್ಲಿ ಎಂದಿನಂತೆ ಹೊಳೆಯುತ್ತಿದೆ. ಒತ್ತಿದರೆ ಅವನು ಬರುತ್ತಾನೆ, ಅರ್ಜುನ ಉಳಿಯುತ್ತಾನೆ, ಮುಂದಿನ ಹಂತ ತೆರೆಯುತ್ತದೆ. ಆದರೆ ಆಟ ಮುಗಿಯುವವರೆಗೆ ಆ ಗುಂಡಿ ಮತ್ತೆ ಹೊಳೆಯುವುದಿಲ್ಲ, ಹಳೆಯ ಉಳಿಕೆಗೆ ಹಿಂದಿರುಗಲೂ ಬರುವುದಿಲ್ಲ. ಒತ್ತದೆ ಆಡುತ್ತೇನೆ ಎನ್ನುವವರಿಗೂ ಆಟ ದಾರಿ ಬಿಡಬೇಕು, ಆ ದಾರಿಯಲ್ಲಿ ಅರ್ಜುನನಿಲ್ಲದ ಯುದ್ಧ ಎಷ್ಟು ಕಷ್ಟವೋ ಅಷ್ಟೇ ಕಷ್ಟವಾಗಿರಬೇಕು. ಇದನ್ನು ಬರೆಯುವ ಪ್ರೋಗ್ರಾಮರಿಗೆ ತಾಂತ್ರಿಕವಾಗಿ ದೊಡ್ಡ ತೊಡಕೇನೂ ಇಲ್ಲ. ತೊಡಕಿರುವುದು ಮಾರುವವರಿಗೆ: ಒಮ್ಮೆ ಹೋದರೆ ಮತ್ತೆ ಬಾರದ ಗೊಂಬೆಯನ್ನು ಎರಡನೆಯ ಭಾಗದ ಡಬ್ಬಿಯ ಮೇಲೆ ಹೇಗೆ ಅಚ್ಚು ಹಾಕುವುದು?